ಬರುವುದನ್ನು ನಿಲ್ಲಿಸಿದವರ ಊರುಗಳಿಗೆ

ಯಶವಂತಪುರದಲ್ಲಿ ಬೆಳಗಿನ ರೈಲು ಹತ್ತಿದಾಗ ಇನ್ನೂ ಚಳಿಯಿತ್ತು. ಗುಬ್ಬಿ ದಾಟಿ ಬಾಣಸಂದ್ರ ಬರುವ ಹೊತ್ತಿಗೆ ಕಿಟಕಿಯ ಎರಡೂ ಕಡೆ ತೆಂಗಿನ ತೋಟ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ತಿಪಟೂರಿನಲ್ಲಿ ಇಳಿದಾಗ ಬಿಸಿಲು ಚುರುಕಾಗಿತ್ತು. ನಿಲ್ದಾಣದ ಹೊರಗೆ ಲಕ್ಕಣ್ಣ ಕಾಯುತ್ತಿದ್ದರು. ಫೋನಿನಲ್ಲಿ ಹಲವು ಸಲ ಮಾತಾಡಿದ್ದರೂ ಮುಖ ನೋಡಿದ್ದು ಅದೇ ಮೊದಲು. ಐವತ್ತು ದಾಟಿದ ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಚ್‌ಐವಿ ಚಿಕಿತ್ಸೆಗೆ ಬರುವುದನ್ನು ನಿಲ್ಲಿಸಿದವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ಅವರ ಕೆಲಸ. ತಮಗೂ ಎಚ್‌ಐವಿ ಇದೆ ಎಂದು ಮೊದಲ ಲೋಟ ಕಾಫಿ ಮುಗಿಯುವ ಮುನ್ನವೇ ಹೇಳಿದರು, ತಮ್ಮ ಊರು ಯಾವುದೆಂದು ಹೇಳಿದ ಧಾಟಿಯಲ್ಲೇ.

ನಾನು ಬೆಂಗಳೂರಿನಲ್ಲಿ ಕೂತು ಅಂಕಿಅಂಶಗಳನ್ನು ವಿಶ್ಲೇಷಿಸುವವಳು. ಎಚ್‌ಐವಿ ಇರುವ ಕೆಲವರು ತಿಂಗಳಿಗೊಮ್ಮೆ ಚಿಕಿತ್ಸಾ ಕೇಂದ್ರಕ್ಕೆ ಬಂದು ಮಾತ್ರೆ ಒಯ್ಯುತ್ತಾರೆ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬ ಪರೀಕ್ಷೆಯೂ ಅವರಿಗೆ ಆಗಾಗ ಆಗುತ್ತದೆ. ಇನ್ನು ಕೆಲವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ, ಪರೀಕ್ಷೆ ವರ್ಷಕ್ಕೊಮ್ಮೆ. ಎರಡರಲ್ಲಿ ಯಾವುದು ಒಳ್ಳೆಯದೆಂದು ಹೇಳುವುದು ನಮ್ಮ ತಂಡದ ಕೆಲಸ. ಚೀಟಿ ಎತ್ತಿ ಜನರನ್ನು ಎರಡು ಪಾಲು ಮಾಡಿ ನೋಡಿದ್ದರೆ ಉತ್ತರ ಸಲೀಸಾಗಿ ಸಿಗುತ್ತಿತ್ತು. ನಮ್ಮ ಬಳಿ ಇದ್ದದ್ದು ಆಗಲೇ ನಡೆದುಹೋದ ಚಿಕಿತ್ಸೆಯ ವಿವರ ಮಾತ್ರ. ಅದರ ಪ್ರಕಾರ ಮೂರು ತಿಂಗಳಿಗೊಮ್ಮೆ ಬಂದವರೇ ಹೆಚ್ಚು ಆರೋಗ್ಯವಾಗಿದ್ದರು. ಆದರೆ ಕೆಲವರು ನಡುವೆ ಬರುವುದನ್ನೇ ಬಿಟ್ಟಿದ್ದರು. ಅವರು ಬದುಕಿದ್ದಾರೋ ಇಲ್ಲವೋ ತಿಳಿಯದೆ ಹೋಲಿಕೆಗೆ ಅರ್ಥವಿರಲಿಲ್ಲ. ಮನೆ ಕಡೆ ಬಂದು ವಿಚಾರಿಸಬಹುದೆಂದು ಚಿಕಿತ್ಸೆಗೆ ಸೇರುವಾಗಲೇ ಒಪ್ಪಿದ್ದವರನ್ನು ಮಾತ್ರ ನೋಡಲು ಅನುಮತಿ ಪಡೆದು ಹೊರಟಿದ್ದೆ. ಇಲ್ಲಿ ಅವರ ಹೆಸರುಗಳನ್ನು ಬದಲಿಸಿದ್ದೇನೆ.

ತುರುವೇಕೆರೆಯ ಸರ್ಕಾರಿ ಬಸ್ಸಿನಲ್ಲಿ ನನಗೆ ಉಚಿತ ಟಿಕೆಟ್. ಲಕ್ಕಣ್ಣ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡರು. ಮೂರು ತಿಂಗಳದ್ದೇ ಒಳ್ಳೆಯದೆಂದು ಕಾಣುತ್ತಿದೆಯಲ್ಲ, ಮತ್ತೇಕೆ ಅನುಮಾನ ಎಂದು ಅವರು ಕೇಳಿದರು. ಗಟ್ಟಿಮುಟ್ಟಾಗಿರುವವರನ್ನೇ ಆರಿಸಿ ವೈದ್ಯರು ಮೂರು ತಿಂಗಳ ಮಾತ್ರೆ ಕೊಡುತ್ತಾರೆ. ಫಸಲು ಚೆನ್ನಾಗಿ ಬಿಡುವ ಮರಕ್ಕೇ ಗೊಬ್ಬರ ಹಾಕಿ, ಗೊಬ್ಬರದಿಂದಲೇ ಫಸಲು ಬಂತು ಅಂದ ಹಾಗಾಗುತ್ತದೆ ಎಂದೆ. ಅವರು ನಕ್ಕರು. ತಮ್ಮ ಅನುಭವದಲ್ಲಿ ತಿಂಗಳು ತಿಂಗಳು ಬರುವವರೇ ಉಳಿಯುವುದು, ಇದರಲ್ಲಿ ಸಂಶಯವೇ ಇಲ್ಲ ಎಂದರು. ಬರುವುದನ್ನು ಬಿಟ್ಟವರನ್ನೂ ಆ ಲೆಕ್ಕಕ್ಕೆ ಸೇರಿಸಿದ್ದೀರಾ ಎಂದು ಕೇಳಿದೆ. ಅದಕ್ಕೇ ತಾನೇ ಈಗ ಹೊರಟಿರುವುದು ಎಂದು ಕಿಟಕಿಯ ಕಡೆ ತಿರುಗಿದರು.

ತುರುವೇಕೆರೆಯಲ್ಲಿ ಬಸ್ಸು ಬದಲಿಸಿ ಮಾಯಸಂದ್ರಕ್ಕೆ ಹೋದೆವು. ಅಲ್ಲಿ ನೋಡಬೇಕಿದ್ದ ಸರೋಜಮ್ಮ ತಿಂಗಳಿಗೊಮ್ಮೆ ಬರುತ್ತಿದ್ದವರು, ಒಂದು ದಿನ ಇದ್ದಕ್ಕಿದ್ದಂತೆ ನಿಲ್ಲಿಸಿದ್ದರು. ಬಹುಶಃ ಬದುಕಿಲ್ಲ ಎಂದೇ ಲಕ್ಕಣ್ಣ ಭಾವಿಸಿದ್ದರು. ಮನೆಗೆ ಹೋಗದೆ ಫೋನು ಮಾಡಿದಾಗ, ಹಿಂದೆ ಯಾವಾಗಲೂ ಆಫ್ ಇರುತ್ತಿದ್ದ ನಂಬರಿನಲ್ಲಿ ಅವರೇ ಎತ್ತಿಕೊಂಡರು. ಊರ ಹೊರಗಿನ ತೋಟಕ್ಕೆ ಬನ್ನಿ, ಯಾರಾದರೂ ಕೇಳಿದರೆ ತೆಂಗಿನ ಸಸಿ ನೋಡಲು ಬಂದವರೆನ್ನಿ ಎಂದರು.

ತೋಟದಲ್ಲಿ ಸರೋಜಮ್ಮ ಒಣಗಿದ ಗರಿಗಳನ್ನು ಒಂದು ಕಡೆ ರಾಶಿ ಹಾಕುತ್ತಿದ್ದರು. ತುಂಬಿದ ಮೈ, ಗಟ್ಟಿ ದನಿ. ಕಾಯಿಲೆಯ ಸುಳಿವೂ ಇರಲಿಲ್ಲ. ತಿಂಗಳು ತಿಂಗಳು ತಿಪಟೂರಿಗೇಕೆ ಎಂದು ಸೊಸೆ ಕೇಳಲು ಶುರುಮಾಡಿದ್ದಳಂತೆ. ಒಂದು ಸಲ ಊರಿನವರೊಬ್ಬರು ಕೇಂದ್ರದ ಎದುರೇ ಸಿಕ್ಕಿ, ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸಿದ್ದರಂತೆ. ಅಂದಿನಿಂದ ತಂಗಿ ಇರುವ ಹಾಸನಕ್ಕೆ ಹೋಗಿ, ಅಲ್ಲಿ ಬೇರೆ ಹೆಸರಲ್ಲಿ ಸೇರಿ ಮೂರು ತಿಂಗಳ ಮಾತ್ರೆ ತರುತ್ತಿದ್ದರು. ತಂಗಿ ಮನೆಗೆಂದರೆ ಯಾರೂ ಏನೂ ಕೇಳುವುದಿಲ್ಲ.

“ನಾನು ಒಂದಿನಾನೂ ತಪ್ಪಿಸಿಲ್ಲ ಕಣಣ್ಣ,” ಎಂದರು ಲಕ್ಕಣ್ಣನಿಗೆ. “ನಿಮಗೆ ಹೇಳ್ದೆ ಹೋದೆ, ಅಷ್ಟೇಯ.”

ಎಳನೀರು ಕೊಟ್ಟರು. ಹೊರಡುವಾಗ ಮತ್ತೆ ಬರಬೇಡಿ ಎಂದೂ ಕೇಳಿಕೊಂಡರು. ದಾಖಲೆಯಲ್ಲಿ ಕಳೆದುಹೋಗಿದ್ದ ಹೆಂಗಸು ತನ್ನ ಚಿಕಿತ್ಸೆಯನ್ನು ತಾನೇ ಕಾಪಾಡಿಕೊಂಡಿದ್ದಳು. ಅವಳನ್ನು ಓಡಿಸಿದ್ದು ತಿಂಗಳಿಗೊಮ್ಮೆ ಬರಬೇಕೆಂಬ ನಿಯಮವೇ. ಬಸ್ಸಿನಲ್ಲಿ ಲಕ್ಕಣ್ಣ, ಇದ್ದಾಳಲ್ಲ, ಅಷ್ಟು ಸಾಕು ಎಂದರು. ಆ ರಾತ್ರಿ ತಿಪಟೂರಿನ ಲಾಡ್ಜಿನಲ್ಲಿ ಉಳಿದುಕೊಂಡೆ.

ಎರಡನೆಯ ದಿನ ಹುಳಿಯಾರಿನ ಕಡೆ ಹೊರಟೆವು. ಖಾಸಗಿ ಬಸ್ಸು, ಇಬ್ಬರಿಗೂ ಟಿಕೆಟ್. ಚಿಕ್ಕನಾಯಕನಹಳ್ಳಿಯಲ್ಲಿ ಬಸ್ಸು ನಿಂತಾಗ ತಟ್ಟೆ ಇಡ್ಲಿ ತಿಂದೆವು. ಅಲ್ಲಿಂದ ಮುಂದೆ ತೋಟಗಳ ನಡುವೆ ರಾಗಿ ಕೊಯ್ದ ಹೊಲಗಳೂ ಬೋಳು ಗುಡ್ಡಗಳೂ ಕಾಣತೊಡಗಿದವು. ಹುಳಿಯಾರಿನಲ್ಲಿ ಇಳಿದು ಆಟೊ ಹಿಡಿದು, ಕೆಂಕೆರೆ ದಾಟಿ ಒಂದು ಹಳ್ಳಿಗೆ ಹೋದೆವು.

ನಾವು ಹುಡುಕಿ ಬಂದದ್ದು ರಂಗಸ್ವಾಮಿಯನ್ನು. ತೋಟಗಳಲ್ಲಿ ಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದ ಮನುಷ್ಯ. ಚಿಕಿತ್ಸೆಗೆ ಬಂದಾಗ ಕಾಯಿಲೆ ಬಲಿತಿತ್ತು. ಆಮೇಲೆ ಚೇತರಿಸಿಕೊಂಡು, ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಅನ್ನಿಸಿಕೊಂಡಿದ್ದರು. ನನ್ನ ಲೆಕ್ಕದಲ್ಲಿ ಚೆನ್ನಾಗಿದ್ದವರ ಸಾಲಿನಲ್ಲಿದ್ದರು. ಕೊನೆಯ ಸಲ ಮಾತ್ರೆ ಒಯ್ದವರು ಮತ್ತೆ ಬಂದಿರಲಿಲ್ಲ. ಹೆಂಡತಿ ಜಯಮ್ಮನಿಗೂ ಎಚ್‌ಐವಿ ಇತ್ತು. ಇಬ್ಬರ ಮಾತ್ರೆಗಳನ್ನೂ ಹೆಚ್ಚಾಗಿ ರಂಗಸ್ವಾಮಿಯೇ ತರುತ್ತಿದ್ದರು.

ಜಯಮ್ಮ ಕೊಬ್ಬರಿಯ ಕಣದಲ್ಲಿದ್ದರು. ಸುಮಾರು ಒಂದು ವರ್ಷ ಅಟ್ಟದಲ್ಲಿ ಒಣಗಿದ ಕಾಯಿಗಳ ಚಿಪ್ಪು ಒಡೆದು, ಒಳಗಿನ ಉಂಡೆ ಕೊಬ್ಬರಿಯನ್ನು ಬಿಡಿಸುವ ಕೆಲಸ. ಲಕ್ಕಣ್ಣನನ್ನು ಕಂಡು ಕತ್ತಿ ಕೆಳಗಿಟ್ಟು, ಜೊತೆಯವರಿಗೆ ಏನೋ ಹೇಳಿ, ನಮ್ಮನ್ನು ದೂರದ ಹುಣಸೆ ಮರದ ನೆರಳಿಗೆ ಕರೆದುಕೊಂಡು ಬಂದರು. ಹಣೆಯಲ್ಲಿ ಕುಂಕುಮವಿರಲಿಲ್ಲ.

ಮಾತ್ರೆ ತಂದ ಕೆಲವು ವಾರಕ್ಕೆ ರಂಗಸ್ವಾಮಿಗೆ ಕೆಮ್ಮು, ಸಂಜೆಯಾದರೆ ಜ್ವರ ಬರತೊಡಗಿತಂತೆ. ಕೈಯಲ್ಲಿ ಮಾತ್ರೆ ಇದೆ, ಮುಂದಿನ ಸಲ ಹೋದಾಗ ಹೇಳಿದರಾಯಿತು ಎಂದು ಕೆಲಸಕ್ಕೆ ಹೋಗುತ್ತಲೇ ಇದ್ದರು. ಮೆಡಿಕಲ್ ಅಂಗಡಿಯಿಂದ ಔಷಧಿ ತಂದು ಕುಡಿದರು. ಊಟ ಸೇರದಾದಾಗ ತುಮಕೂರಿನ ಆಸ್ಪತ್ರೆಗೆ ಕರೆದೊಯ್ದರು. ಟಿ.ಬಿ. ಎಂದರು, ತಡವಾಗಿದೆ ಎಂದರು. ಅಲ್ಲಿಂದ ಹೆಣ ಬಂತು. ಮಣ್ಣು ಮಾಡಿ ಬಂದ ಮೇಲೆ ಜಯಮ್ಮ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ, ಗಂಡನದನ್ನೂ ತಮ್ಮದನ್ನೂ, ಹಂಡೆ ಒಲೆಗೆ ಹಾಕಿದ್ದರು. ಅಂದಿನಿಂದ ಈವರೆಗೆ ಒಂದೂ ನುಂಗಿರಲಿಲ್ಲ.

ಜಯಮ್ಮ ಮಾತು ಮುಂದುವರಿಸಿದರು.

“ಅವರು ಒಂದ್ಹೊತ್ತೂ ಬುಡದೆ ನುಂಗಿದ್ರು. ಹೋದ್ರು. ನಾನು ಬುಟ್ಟಿದ್ದೀನಿ. ಚಿಪ್ಪು ಒಡ್ಕಂಡು ಗಟ್ಟಿಯಾಗಿದ್ದೀನಿ. ನೀವೇ ನೋಡಿ.”

ಇಂಥ ಹೋಲಿಕೆಯಲ್ಲಿ ಏನು ತಪ್ಪೆಂದು ಹುಡುಕುವುದೇ ನನ್ನ ಕಸುಬು. ನಿಧಾನವಾಗಿ ಹೇಳಿದೆ: ನಿಮ್ಮವರು ಬಂದಾಗಲೇ ಮೈ ಸೋತಿತ್ತು, ನಿಮಗೆ ಬೇಗ ಗೊತ್ತಾಯಿತು, ಬೇಗ ಮಾತ್ರೆ ಶುರುವಾಯಿತು. ಈಗಿನ ಗಟ್ಟಿತನ ಆಗ ನುಂಗಿದ್ದರಿಂದ ಬಂದದ್ದು. ಅವರಿಗೂ ನಿಮಗೂ ಇದ್ದ ವ್ಯತ್ಯಾಸ ಮಾತ್ರೆಯೊಂದೇ ಅಲ್ಲ.

ಅವರು ಸೆರಗಿಗೆ ಅಂಟಿದ್ದ ನಾರನ್ನು ಬಿಡಿಸುತ್ತ ಕೇಳಿಸಿಕೊಂಡರು. ತಮಗೆ ಬೇಗ ಗೊತ್ತಾಗಿದ್ದು ಗಂಡ ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದ್ದರಿಂದ ಎಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು:

“ತಿಂಗಳು ತಿಂಗಳು ಕರೆಸಿದ್ರೆ ಅವರು ಉಳೀತಿದ್ರಾ, ಅಮ್ಮ?”

ಈ ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಬರೆದುಕೊಂಡು ಎರಡು ವರ್ಷದಿಂದ ಕೂತಿದ್ದೆ. ಸಾವಿರಾರು ಜನರ ವಿಷಯದಲ್ಲಿ ಒಂದು ದಿನ ಅಂದಾಜು ಹೇಳಬಲ್ಲೆ. ಒಬ್ಬರ ವಿಷಯದಲ್ಲಿ ಎಂದಿಗೂ ಹೇಳಲಾರೆ. ಬೇಗ ಕಂಡಿದ್ದರೆ ವೈದ್ಯರು ಕೆಮ್ಮಿನ ಬಗ್ಗೆ ಕೇಳುತ್ತಿದ್ದರು, ಕಫ ಪರೀಕ್ಷೆ ಮಾಡುತ್ತಿದ್ದರು. ಅಥವಾ, ಕೂಲಿ ಬಿಟ್ಟು ತಿಂಗಳು ತಿಂಗಳು ಬರಲಾಗದೆ ರಂಗಸ್ವಾಮಿ ಮೊದಲೇ ಚಿಕಿತ್ಸೆ ಬಿಟ್ಟುಬಿಡುತ್ತಿದ್ದರೋ ಏನೋ. “ಗೊತ್ತಿಲ್ಲಮ್ಮ,” ಎಂದೆ.

“ಗೊತ್ತಿಲ್ದೇ ನನಗೆಂಗೆ ನುಂಗು ಅಂತೀರಾ?”

“ಅವರ ವಿಷಯ ಗೊತ್ತಿಲ್ಲ. ಮಾತ್ರೆ ಬಿಟ್ಟರೆ ನಿಮಗೆ ಏನಾಗುತ್ತೆ ಅನ್ನೋದು ಗೊತ್ತು. ಅದರಲ್ಲಿ ಅನುಮಾನ ಇಲ್ಲ.”

ಅವರು ಅಳಲಿಲ್ಲ. ಕೆಲಸ ನಿಂತುಹೋಗಿದೆ ಎಂದು ಎದ್ದರು. ನಾಳೆ ಬೆಳಗ್ಗೆ ಹುಳಿಯಾರಿನ ಬಸ್ ನಿಲ್ದಾಣದಲ್ಲಿ ಇರುತ್ತೇವೆ ಎಂದು ಲಕ್ಕಣ್ಣ ಹೇಳಿದಾಗ ಅವರು ಆಗಲೇ ಕಣದ ಕಡೆ ನಡೆಯುತ್ತಿದ್ದರು. ನಾವು ಆಟೊ ಹತ್ತುವಾಗ ಕಣದಿಂದ ಚಿಪ್ಪು ಒಡೆಯುವ ಸದ್ದು ಮತ್ತೆ ಕೇಳುತ್ತಿತ್ತು.

ಮಧ್ಯಾಹ್ನ ಹುಳಿಯಾರಿನ ಒಂದು ಹೋಟೆಲಿನಲ್ಲಿ ಮುದ್ದೆ, ಅವರೆಕಾಳು ಸಾರು ಸಿಕ್ಕಿತು. ಲಕ್ಕಣ್ಣ ಬೋರನಕಣಿವೆಗೆ ಕರೆದೊಯ್ದರು. ಅಣೆಕಟ್ಟೆಯ ಮೇಲೆ ಗಾಳಿ ಜೋರಾಗಿತ್ತು, ನೀರು ಗುಡ್ಡಗಳ ಬುಡದವರೆಗೂ ಚಾಚಿತ್ತು. ತಾವು ಚಿಕಿತ್ಸೆಗೆ ಸೇರಿದ ದಿನವೇ ಸೇರಿದ ಗೆಳೆಯನೊಬ್ಬನಿದ್ದ, ಒಂದೇ ಬಸ್ಸಿನಲ್ಲಿ ಇಬ್ಬರೂ ಹೋಗಿ ಬರುತ್ತಿದ್ದುದು ಎಂದರು ಅವರು. ಒಂದೇ ಮಾತ್ರೆ, ಒಂದೇ ಡಾಕ್ಟರು. ಅವನು ಹೋಗಿ ಬಹಳ ಕಾಲವಾಯಿತು. “ನಾನ್ಯಾಕೆ ಉಳಿದೆ ಅಂತ ಅವನ ಹೆಂಡ್ತಿ ಕೇಳಿದ್ಲು ಮೇಡಂ. ಆವತ್ತಿಂದ ಈ ಕೆಲಸ ಮಾಡ್ತಾ ಇದ್ದೀನಿ.” ಸಂಜೆ ಅವರು ಹುಳಿಯಾರಿನ ನೆಂಟರ ಮನೆಗೆ ಹೋದರು, ನಾನು ಲಾಡ್ಜಿಗೆ.

ಮೂರನೆಯ ಬೆಳಗ್ಗೆ ಮಂಜು ಕವಿದಿತ್ತು. ನಿಲ್ದಾಣದಲ್ಲಿ ತಿಪಟೂರಿನ ಮೊದಲ ಬಸ್ಸನ್ನು ಬಿಟ್ಟೆವು. ಎರಡನೆಯದನ್ನೂ ಬಿಟ್ಟೆವು. ಬರುವುದಿಲ್ಲ, ಮುಂದಿನ ವಾರ ನಾನೇ ಇನ್ನೊಮ್ಮೆ ಹೋಗುತ್ತೇನೆ ಎಂದು ಲಕ್ಕಣ್ಣ ಹೇಳುತ್ತಿರುವಾಗಲೇ ಜಯಮ್ಮ ಹಾಲಿನ ಗಾಡಿಯೊಂದರಿಂದ ಇಳಿದರು. ಮೈತುಂಬ ಶಾಲು ಹೊದ್ದಿದ್ದರು. ಬಸ್ಸಿನಲ್ಲಿ ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ಒಂದೇ ವಿಷಯ ಕೇಳಿದರು: ಮಾತ್ರೆ ಸುಟ್ಟಿದ್ದನ್ನು ಡಾಕ್ಟರಿಗೆ ಹೇಳಲೇಬೇಕೇ? ಬಿಟ್ಟದ್ದು ಯಾವಾಗಿನಿಂದ ಎಂದು ಹೇಳಿದರೆ ಸಾಕು ಎಂದೆ.

ಕೇಂದ್ರದಲ್ಲಿ ಯಾರೂ ಗದರಲಿಲ್ಲ. ಕೆಮ್ಮು, ಜ್ವರ ವಿಚಾರಿಸಿ, ಎದೆಯ ಎಕ್ಸ್‌ರೇ ತೆಗೆಸಿ, ರಕ್ತ ತೆಗೆದುಕೊಂಡರು. ಸಂಜೆಯ ಹೊತ್ತಿಗೆ ಮಾತ್ರೆ ಕೈಗೆ ಬಂತು. ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗಿನ ಮಾತು ಕೇಳುತ್ತಿತ್ತು. ಸದ್ಯಕ್ಕೆ ತಿಂಗಳಿಗೊಮ್ಮೆ ಬರಬೇಕು, ವೈರಸ್ ಹತೋಟಿಗೆ ಬಂದ ಮೇಲೆ ಮೂರು ತಿಂಗಳಿಗೆ ಒಟ್ಟಿಗೆ ಕೊಡುತ್ತೇವೆ, ನಿಮಗೂ ಓಡಾಟ ತಪ್ಪುತ್ತದೆ ಎಂದು ವೈದ್ಯೆ ಹೇಳಿದರು.

“ಬ್ಯಾಡಿ ಕಣವ್ವ. ಆಮೇಲೂ ತಿಂಗ್ಳು ತಿಂಗ್ಳೇ ಬತ್ತೀನಿ,” ಎಂದರು ಜಯಮ್ಮ. “ಯಾರಾದ್ರೂ ಒಬ್ಬರು ನನ್ನ ಮುಖ ನೋಡ್ತಾ ಇರ್ಲಿ.”

ರೈಲಿಗೆ ಹೊತ್ತಾಗಿತ್ತು. ಲಕ್ಕಣ್ಣನಿಗೆ ಕೈಮುಗಿದು ಹೊರಟೆ. ಬೆಂಗಳೂರಿಗೆ ಮರಳಿದ ಮೇಲೆ ರಂಗಸ್ವಾಮಿಯನ್ನು ತೀರಿಕೊಂಡವರಲ್ಲಿಯೂ ಸರೋಜಮ್ಮನನ್ನು ಚಿಕಿತ್ಸೆಯಲ್ಲಿರುವವರಲ್ಲಿಯೂ ಸೇರಿಸಿದೆ. ಆ ಎರಡು ಬದಲಾವಣೆಗಳಿಂದ ಫಲಿತಾಂಶ ತಲೆಕೆಳಗಾಗಲಿಲ್ಲ, ಸಾವಿರಾರು ಜನರ ಲೆಕ್ಕದಲ್ಲಿ ಇಬ್ಬರಿಂದ ಆಗಬಾರದು ಕೂಡ. ಇನ್ನೂ ಹುಡುಕಬೇಕಾದವರು ಬಹಳ ಇದ್ದರು. ಯಾರು ಯಾವ ಬಗೆಯ ಚಿಕಿತ್ಸೆಯಲ್ಲಿದ್ದರು ಎಂಬುದು ನಮ್ಮ ದಾಖಲೆಯಲ್ಲಿತ್ತು. ಯಾಕೆ ಎಂಬುದಕ್ಕೆ ಜಾಗವಿರಲಿಲ್ಲ. ಅದನ್ನು ಕೇಳಿ ಬರೆಯಬೇಕೆಂದು ಮುಂದಿನ ಸಭೆಯಲ್ಲಿ ವಾದಿಸಿದೆ, ಒಪ್ಪಿಕೊಂಡರು.

ತಿಪಟೂರಿನಲ್ಲಿ ಆ ಸಂಜೆ ಆಟೊ ಹತ್ತುವ ಮುನ್ನ ಒಮ್ಮೆ ತಿರುಗಿ ನೋಡಿದ್ದೆ. ಜಯಮ್ಮ ಕೇಂದ್ರದ ನಲ್ಲಿಯ ಹತ್ತಿರ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದರು. ಊರು ತಲುಪುವವರೆಗೂ ಕಾಯದೆ, ಮೊದಲ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಬೊಗಸೆಯಲ್ಲಿ ನೀರು ಹಿಡಿದು ಕುಡಿಯುತ್ತಿದ್ದರು.