ಬದುವಿನ ಮೇಲಿನ ಕುದುರೆ

ಗಾಂಧಿನಗರದಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕನ ತವರು ಕರೂರು ಎಂಬ ಹಳ್ಳಿ, ಭತ್ತ ಬೆಳೆಯುವ ಮನೆತನ. ಕುದುರೆ ಸವಾರನೊಬ್ಬನ ವಿಡಿಯೋ ಗೇಮ್ ಸರಣಿಯೆಂದರೆ ನಮ್ಮಿಬ್ಬರಿಗೂ ಪ್ರಾಣ. ಹೊಸ ಭಾಗ ಬಂದಾಗಲೆಲ್ಲ ಅಕ್ಕ ಹಳೆಯವನ್ನು ಮೊದಲಿಂದ ಆಡಿ ಮುಗಿಸಿಯೇ ಅದಕ್ಕೆ ಕೈಹಾಕುತ್ತಿದ್ದರು. ನಾನು ಕತ್ತಿವರಸೆ ಹೋಲಿಸಿದರೆ ಅವರು ಹೊಲಗಳನ್ನು ಹೋಲಿಸುವರು.

"ಮೊದ್ಲು ಬದು ಐತೇನು ನೋಡು," ಎನ್ನುವರು.

ಮೊದಲ ಭಾಗದಲ್ಲಿ ಪೈರೆಂದರೆ ನೆಲಕ್ಕೆ ಬಳಿದ ಹಸಿರು, ಅಷ್ಟೇ. ಅದನ್ನೂ ತುಳಿಯದೆ ಸುತ್ತುಹಾಕಿ ಹೋಗುತ್ತಿದ್ದರು.

"ಅಕ್ಕಾ, ಅದು ಬರೇ ಬಣ್ಣ ಐತ್ರಿ."

"ಇರ್ಲಿ ಬಿಡಪ್ಪ. ಬೆಳಿ ಅಂತನ ಬಳದಾರಲ್ಲ."

ಕೊನೆಗೆ ಬಂದ ಭಾಗದಲ್ಲಿ ಪೈರು ಗಾಳಿಗೆ ತೂಗುತ್ತಿತ್ತು, ತುಳಿದರೆ ಮಲಗುತ್ತಿತ್ತು. ಶತ್ರುಗಳು ಬೆನ್ನಟ್ಟುವ ಹಂತದಲ್ಲಿ ನಾನು ಗದ್ದೆಗೆ ನುಗ್ಗಿ ಪಾರಾಗಿದ್ದೆ. ಅಕ್ಕ ಗೇಣಗಲದ ಬದುವಿನ ಮೇಲೆ ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿದರು. ಸುತ್ತ ಬಾಣಗಳು ಹಾರುತ್ತಿದ್ದರೂ ಅದರ ಕಾಲಿಗೆ ಒಂದು ಪೈರೂ ಸಿಗಲಿಲ್ಲ. ಗದ್ದೆ ದಾಟಿ ಪಾರಾದರು.

"ಗೆದ್ರಿ ಅಕ್ಕಾ!"

ಅಕ್ಕ ಕುದುರೆ ತಿರುಗಿಸಿ ಹಿಂದೆ ನೋಡಿದರು. ಬೆನ್ನಟ್ಟಿದವರ ಕುದುರೆಗಳು ಗದ್ದೆಯನ್ನೆಲ್ಲ ತುಳಿದು ಮಲಗಿಸಿದ್ದವು.

"ನನ್ನ ಹಿಂದನ ಬಂದ್ರಲ್ಲೋ ಇವ್ರು," ಎಂದರು.

ಆ ಗೆಲುವನ್ನು ಬಿಟ್ಟುಕೊಟ್ಟು ಹಂತವನ್ನು ಮತ್ತೆ ಶುರುಮಾಡಿದರು. ಈ ಸಲ ಗದ್ದೆಯಿಂದ ದೂರ, ಕಲ್ಲುಗುಡ್ಡದ ಕಡೆ ಓಡಿಸಿದರು. ಅಲ್ಲಿಂದ ಮುಂದೆ ದಾರಿಯಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಶತ್ರುಗಳೆಲ್ಲ ಅವರ ಹಿಂದೆ ಅತ್ತಲೇ ಹೋದರು.

ಪರದೆಯ ಮೇಲೆ ಸೋಲಿನ ಅಕ್ಷರಗಳು ಮೂಡಿದವು. ಅವುಗಳ ಹಿಂದೆ, ದೂರದಲ್ಲಿ, ಇಡೀ ಗದ್ದೆ ನಿಂತು ತೂಗುತ್ತಿತ್ತು.