ನಳಿಗೆಯೊಳಗಿನ ಅರಿಶಿನ

ನಮ್ಮ ಮಾವ ರಾಮಾಂಜಿನಪ್ಪನವರಿಗೆ ಮನೆಮಂದಿಯೆಲ್ಲ ಹೆದರುತ್ತೇವೆ ಎಂದರೆ, ಅವರನ್ನು ನೋಡದವರು ಗಿರಿಜಾ ಮೀಸೆಯ ಆಳೊಬ್ಬನನ್ನು ಕಲ್ಪಿಸಿಕೊಳ್ಳುತ್ತಾರೆ. ಹಾಗೇನಿಲ್ಲ. ಎಪ್ಪತ್ತೊಂದು ವರ್ಷದ, ಗಿಡ್ಡನೆಯ, ಕುಡಿದ ಕಾಫಿ ಲೋಟವನ್ನು ತಾವೇ ತೊಳೆದಿಡುವ ಮನುಷ್ಯ. ಮೂವತ್ತಾರು ವರ್ಷ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಯಾರ ಮೇಲೂ ಕೈ ಎತ್ತಿದವರಲ್ಲ, ಯಾರನ್ನೂ ಬೈದವರಲ್ಲ. ಕೋಪ ಬಂದರೆ ಮಾತು ಬಿಡುತ್ತಾರೆ, ಅಷ್ಟೇ.

ಆ 'ಅಷ್ಟೇ' ಏನೆಂಬುದು ನನಗೆ ಮದುವೆಯಾದ ವರ್ಷವೇ ಗೊತ್ತಾಯಿತು. ನನ್ನ ಗಂಡ ಕೆಂಪರಾಜ್ ಸ್ನೇಹಿತನೊಬ್ಬನಿಗೆ ತೋರಿಸಲೆಂದು ಅಪ್ಪನ ಕೋವಿಯ ಬೋಲ್ಟನ್ನು ಹೇಳದೆ ಕೇಳದೆ ತೆಗೆದುಕೊಂಡಿದ್ದರು. ಬೋಲ್ಟ್ ಎಂದರೆ ಕೋವಿಯ ಹಿಂಬದಿಯ ಉಕ್ಕಿನ ಚಿಲಕ. ಅದನ್ನು ಎಳೆದು ಮುಂದಕ್ಕೆ ನೂಕಿದರೆ ತೋಟಾ ಒಳಗೆ ಹೋಗಿ ಕೂರುತ್ತದೆ. ಮಾವ ಅದನ್ನು ಕೋವಿಯಿಂದ ಬಿಚ್ಚಿ ಬೇರೆ ಬೀರುವಿನಲ್ಲಿ ಬೀಗ ಹಾಕಿಡುತ್ತಿದ್ದರು. ಮಗ ಮುಟ್ಟಿದ್ದು ತಿಳಿದದ್ದೇ ತಡ, ನಲವತ್ತೆಂಟು ದಿನ ಅವರೊಂದಿಗೆ ಮಾತಾಡಲಿಲ್ಲ. ಒಂದೇ ಸಾಲಿನಲ್ಲಿ ಊಟಕ್ಕೆ ಕೂತು, "ಅವನಿಗೆ ಸಾರು ಬೇಕೇನೋ ಕೇಳು" ಎಂದು ಅತ್ತೆಗೆ ಹೇಳುತ್ತಿದ್ದರು. ಹೊಸ ಸೊಸೆ ನಾನು ಸಾರಿನ ಸೌಟು ಹಿಡಿದು ಇಬ್ಬರ ಮಧ್ಯೆ ನಿಂತಿರುತ್ತಿದ್ದೆ. ಅಂದಿನಿಂದ ಆ ಕೋವಿಯಿರುವ ಕೋಣೆಯಲ್ಲಿ ಕಸ ಗುಡಿಸುವಾಗಲೂ ಆ ಮೂಲೆಯ ಹತ್ತಿರ ಹೋಗುತ್ತಿರಲಿಲ್ಲ.

ಕೋವಿ ಜರ್ಮನಿಯ ಮೌಸರ್. ವಯಸ್ಸಿನಲ್ಲಿ ಮಾವನಿಗಿಂತ ಇಪ್ಪತ್ತು ವರ್ಷ ದೊಡ್ಡದು. ಮಾವನ ತಂದೆ ಮುನಿರಾಜಪ್ಪನವರು ಕುಕ್ ಟೌನಿನ ಬಂಗಲೆಯೊಂದರಲ್ಲಿ ತೋಟದ ಮಾಲಿಯಾಗಿದ್ದರು. ಬಂಗಲೆ ಮಾರಿ ಹೊರಟ ಮುದುಕಿ ದೊರೆಸಾನಿ, ಸತ್ತುಹೋದ ಗಂಡನ ಬೇಟೆಯ ಕೋವಿಯನ್ನು ಕಾಗದಪತ್ರ ಸಮೇತ ಅವರ ಹೆಸರಿಗೆ ಮಾಡಿಸಿಕೊಟ್ಟಳಂತೆ. ಆಗ ನಮ್ಮ ರಾಗಿ ಹೊಲಕ್ಕೆ ಹಂದಿ ಬರುತ್ತಿದ್ದವು. ಈಗ ಅಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಇದೆ. ಹಂದಿ ಎಲ್ಲಿಂದ ಬರಬೇಕು? ಅದು ಹುಲಿ ಹೊಡೆದ ಕೋವಿ ಎಂದು ಅತ್ತೆ ಅಕ್ಕಯಮ್ಮ ಬಂದವರಿಗೆಲ್ಲ ಹೇಳುತ್ತಾರೆ. ಹುಲಿಯನ್ನು ನೋಡಿದವರು ಮಾತ್ರ ಯಾರೂ ಸಿಕ್ಕಿಲ್ಲ.

ಅಂಥ ಹಳೆಯ ಕೋವಿಗೆ ತೋಟಾ ಸಿಗುವುದೇ ಕಷ್ಟ. ಹಾಗಾಗಿ ಮಾವ ವರ್ಷಕ್ಕೆ ಐದೇ ಗುಂಡು ಹಾರಿಸುತ್ತಿದ್ದರು, ಅದೂ ಆಯುಧಪೂಜೆ ಆದ ಮೇಲೆ ಬರುವ ಭಾನುವಾರ. ಕೆ.ಆರ್. ಪುರ ದಾಟಿ ಬೂದಿಗೆರೆ ಕಡೆಗೆ ಹೋದರೆ, ಪಾಳುಬಿದ್ದ ಕಲ್ಲುಕ್ವಾರಿಯೊಳಗೆ ಒಂದು ಕ್ಲಬ್ಬಿನವರು ಗುಂಡು ಹಾರಿಸುವ ರೇಂಜ್ ಇದೆ. ನೂರು ಗಜದಾಚೆ ನೆಟ್ಟ ಕಾಗದದ ಗುರಿಗೆ ಐದು ಗುಂಡು. ಆ ಕಾಗದವನ್ನು ಮಡಿಸಿ ತಂದು ಬೀರುವಿನಲ್ಲಿ ಇಡುತ್ತಿದ್ದರು. ಮಿಕ್ಕ ದಿನವೆಲ್ಲ ಎಣ್ಣೆ ಹಾಕುವುದು, ಒರೆಸುವುದು, ಇಲ್ಲವಾದರೆ ಶಿವಾಜಿನಗರದ ಕರೀಂ ಸಾಬರ ಕೋವಿ ರಿಪೇರಿ ಅಂಗಡಿಗೆ ಹೋಗಿ ಕೂರುವುದು.

ಆ ಅಂಗಡಿಗೆ ನಾನೂ ಒಮ್ಮೆ ಹೋಗಿದ್ದೆ. ಗೋಡೆಯ ಮೇಲೆ ಯಾವುದೋ ಕೋವಿಯ ಒಡೆದ ನಳಿಗೆಯನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿದ್ದರು. ಸುಲಿದ ಬಾಳೆಹಣ್ಣಿನ ಸಿಪ್ಪೆಯಂತೆ ಉಕ್ಕು ನಾಲ್ಕು ಕಡೆಗೆ ಬಿಚ್ಚಿಕೊಂಡಿತ್ತು.

"ಏನಾಯ್ತು ಸಾಬ್ರೇ ಇದಕ್ಕೆ?" ಎಂದೆ.

"ಬಾಯಲ್ಲಿ ಮಣ್ಣು ಕೂತಿತ್ತು ಬೇಟಿ. ಇಷ್ಟೇ, ಕಡ್ಲೆಕಾಳಿನಷ್ಟು. ನೋಡ್ದೆ ಹೊಡೆದ್ಬಿಟ್ಟ. ಗುಂಡಿಗೆ ದಾರಿ ಸಿಗ್ಲಿಲ್ಲ ಅಂದ್ರೆ ಅದು ನಳಿಗೇನೇ ಹರ್ಕೊಂಡು ಬರುತ್ತೆ."

"ಹೊಡೆದವರು?"

ಕರೀಂ ಸಾಬರು ತಮ್ಮ ಎಡಗಣ್ಣಿನ ಮೇಲೆ ಅಂಗೈ ಇಟ್ಟು ತೋರಿಸಿ, ಚಹಾ ತರಿಸಲು ಎದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸ ಕೇಳಿ. ಈ ಸಲದ ಆಯುಧಪೂಜೆಗೆ ಮಾವ ಹಿಂದಿನ ದಿನವೇ ನಳಿಗೆಯನ್ನು ಬಟ್ಟೆ ಹಾಕಿ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಎಣ್ಣೆ ಸವರಿದ್ದರು. ಕುಡುಗೋಲು, ಮಚ್ಚು, ಕೆಂಪರಾಜರ ಲ್ಯಾಪ್‌ಟಾಪ್, ಎಲ್ಲದರ ನಡುವೆ ಕೋವಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಪೂಜೆಯಾಯಿತು. ಆಮೇಲೆ ಗಂಡಸರೆಲ್ಲ ಕಾರಿಗೆ ಕುಂಬಳಕಾಯಿ ಒಡೆಯಲು ಹೊರಗೆ ಹೋದರು. ಅರಿಶಿನ ಕುಂಕುಮಕ್ಕೆ ನೆರೆಯ ಹೆಂಗಸರು ಬರುವ ಹೊತ್ತು. ಅತ್ತೆ ಅಡುಗೆಮನೆಯಿಂದಲೇ ಕೂಗಿದರು, "ಭವ್ಯಾ, ಕೋವಿ ಮುಂದೆ ಊದ್ಬತ್ತಿ ಆರೋಗೈತೆ ನೋಡಮ್ಮ, ಹಚ್ಚು."

ಊದುಬತ್ತಿಯ ಸ್ಟ್ಯಾಂಡು ಕಾರಿನ ಬಾನೆಟ್ಟಿನ ಮೇಲಿತ್ತು. ಚುಚ್ಚೋಣವೆಂದರೆ ಬಾಳೆಹಣ್ಣೆಲ್ಲ ಪ್ರಸಾದಕ್ಕೆ ಹೋಗಿತ್ತು. ಕೋವಿಯ ಬಾಯಿ ನೆಟ್ಟಗೆ ಮೇಲಕ್ಕೆ ನೋಡುತ್ತಿತ್ತು. ಗೌರಿ ಮಾಡಲು ಕಲಸಿ ಮಿಕ್ಕಿದ್ದ ಅರಿಶಿನವಿತ್ತು. ಒಂದು ಚಿಟಿಕೆ ಮುದ್ದೆಯನ್ನು ಊದುಬತ್ತಿಯ ಬುಡಕ್ಕೆ ಮೆತ್ತಿ ಕೋವಿಯ ಬಾಯೊಳಗೇ ನೆಟ್ಟೆ. ಬಂದವರೆಲ್ಲ ಚೆನ್ನಾಗಿದೆ ಎಂದರು. ನಾನೂ ಹಿಗ್ಗಿದೆ ಅನ್ನಿ.

ಕಡ್ಡಿ ಉರಿದು ಮುಗಿದ ಮೇಲೆ ಎಳೆದರೆ ಮುರಿದು ಬಂತು, ಅರಿಶಿನ ಒಳಗೇ ಉಳಿಯಿತು. ಹೇರ್‌ಪಿನ್ ಹಾಕಿ ಕೆದಕಿದೆ. ಇನ್ನೂ ಆಳಕ್ಕೆ ಇಳಿಯಿತು. ಅಷ್ಟರಲ್ಲಿ ಮಾವನ ಚಪ್ಪಲಿ ಸದ್ದಾಯಿತು. ನಾನು ಸೆರಗಿನಿಂದ ಬಾಯಂಚು ಒರೆಸಿ ಪಕ್ಕಕ್ಕೆ ಸರಿದೆ. ಹೇಳಬೇಕಿತ್ತು.  ಆ ನಲವತ್ತೆಂಟು ದಿನಗಳು ಕಣ್ಣ ಮುಂದೆ ಬಂದವು. ರಾತ್ರಿ ಹೇಳೋಣ ಎಂದುಕೊಂಡೆ, ನಾಳೆ ಎಂದುಕೊಂಡೆ, ಆಮೇಲೆ ಒಣಗಿ ತಾನೇ ಉದುರಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಹಬ್ಬದ ಎರಡು ದಿನ ಕಳೆಯಲೆಂದು ಹಲಸೂರಿನ ತವರಿಗೆ ಹೋಗಿಬಿಟ್ಟೆ.

ಭಾನುವಾರ ಬೆಳಗ್ಗೆ ಅಲ್ಲಿ ನಮ್ಮಮ್ಮ ಯಶೋದಮ್ಮ ದೇವರ ಮಣೆ ತೊಳೆಯಲು ಕೂತಿದ್ದರು. ಅರಿಶಿನದ ಗೌರಿ ಮಣೆಗೆ ಅಂಟಿಕೊಂಡಿತ್ತು. ಚಾಕುವಿನ ಮೊನೆ ಹಾಕಿ ಮೀಟಿದರು, ಏಳಲಿಲ್ಲ. "ಇದೇನೇ ಇದು, ಒಣಗಿ ಕಲ್ಲಾಗ್ಬಿಟ್ಟೈತಲ್ಲ!" ಎಂದು ನಕ್ಕರು.

 ಗಂಟೆ ನೋಡಿದೆ, ಹತ್ತೂ ಕಾಲು. ಮಾವ ಒಂಬತ್ತೂವರೆಗೇ ಮನೆ ಬಿಟ್ಟಿರುತ್ತಾರೆ.

ಮಾವನಿಗೆ ಫೋನ್ ಮಾಡಿದೆ. ರಿಂಗ್ ಆಗುತ್ತಲೇ ಇತ್ತು. ಭಾನುವಾರವೂ ಕೆಲಸವಿದ್ದ ಗಂಡ ಮಾರತ್ತಹಳ್ಳಿಯ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದರು, ಎತ್ತಲಿಲ್ಲ. ಕರೀಂ ಸಾಬರು ಎತ್ತಿದರು. ನಾನು ಹೇಳಿದ್ದು ಅರ್ಧ, ಅತ್ತದ್ದು ಅರ್ಧ. ಅವರು, "ರೇಂಜೊಳಗೆ ಫೋನ್ ಬಿಡಲ್ಲ ಬೇಟಿ, ಬಾಗ್ಲಲ್ಲೇ ಇಟ್ಕೊತಾರೆ. ನಾನು ಆಫೀಸಿಗೆ ಮಾಡ್ತಾನೇ ಇರ್ತೀನಿ. ನೀನು ಹೊರಡು. ಓಡು" ಎಂದರು.  

ಹಲಸೂರಿನಲ್ಲಿ ಮೆಟ್ರೋ ಹತ್ತಿದೆ. ಇಂದಿರಾನಗರದಲ್ಲಿ ಬಾಗಿಲು ತೆರೆದದ್ದು ಮುಚ್ಚುವುದೇ ಇಲ್ಲವೇನೋ ಅನ್ನಿಸಿತು. ಎದುರಿಗೆ ಕೂತ ಮುದುಕರೊಬ್ಬರು ಕನ್ನಡಕ ತೆಗೆದು ಎಡಗಣ್ಣು ಉಜ್ಜಿಕೊಂಡರು. ನಾನು ಮುಖ ಆಚೆ ತಿರುಗಿಸಿದೆ. ಮಾವ ಗುರಿ ಹಿಡಿಯುವಾಗ ಮರದ ಹಿಡಿಗೆ ಕೆನ್ನೆ ಒತ್ತಿಡುತ್ತಾರೆ ಎಂದು ಗಂಡ ಹೇಳಿದ್ದು ನೆನಪಾಗುತ್ತಿತ್ತು. ದೇವರೇ, ಇನ್ನೊಂದು ತೊಂಬತ್ತು ದಿನ ಮಾತು ಬಿಡಲಿ, ಬದುಕಿರುವವರೆಗೂ ಬಿಡಲಿ, ಆ ಮುಖವೊಂದು ಉಳಿಸಪ್ಪ ಎಂದು ಬೇಡಿಕೊಂಡೆ. ಕೆ.ಆರ್. ಪುರದಲ್ಲಿ ಇಳಿದು ಆಟೋ ಹತ್ತಿದಾಗ ಹತ್ತೂ ಐವತ್ತು. ಕರೀಂ ಸಾಬರ ಮೆಸೇಜ್ ಬಂದಿತ್ತು, ಆಫೀಸಿನಲ್ಲಿ ಯಾರೂ ಎತ್ತುತ್ತಿಲ್ಲವಂತೆ.

ಕ್ವಾರಿಯ ಗೇಟಿನ ಹತ್ತಿರ ಆಟೋ ನಿಲ್ಲುವಾಗಲೇ ಒಳಗೆ ಒಂದು ಗುಂಡಿನ ಸದ್ದಾಯಿತು. ಬಂಡೆಗೆ ಬಡಿದು ಎರಡು ಸಲ ಮೊಳಗಿತು.  "ಯಾರದು? ಯಾರು ಹೊಡೆದಿದ್ದು?" ಎಂದು ವಾಚ್‌ಮನ್‌ನ ತೋಳು ಹಿಡಿದು ಅಲುಗಿಸಿದೆ. ಅವನು ಗಾಬರಿಯಿಂದ, "ಮೊದ್ಲನೇ ಮೇಜಿನೋರು ಮೇಡಂ, ಎಲ್ಲಿಗೆ ಹೋಗ್ತಿದೀರ, ನಿಲ್ಲಿ!" ಎಂದ. ನಾನು ನಿಲ್ಲಲಿಲ್ಲ.

ಶೀಟಿನ ಚಾವಣಿಯ ಕೆಳಗೆ ನಾಲ್ಕು ಮೇಜುಗಳಿದ್ದವು. ಕೊನೆಯದರಲ್ಲಿ ಮಾವ, ಸರದಿ ಕಾದು ಆಗಷ್ಟೇ ಜಾಗ ಸಿಕ್ಕಿ, ಕೂತಿದ್ದರು. ಮರಳಿನ ಚೀಲದ ಮೇಲೆ ಕೋವಿ, ಹಿಡಿಗೆ ಒತ್ತಿದ ಕೆನ್ನೆ, ಕಿವಿಗೆ ದಪ್ಪನೆಯ ಮುಚ್ಚಳ. ಬೋಲ್ಟ್ ಮುಚ್ಚಿತ್ತು.

"ಮಾವಾ!" ಎಂದು ಕಿರುಚಿದೆ. ಕೇಳಿಸಲಿಲ್ಲ. ಮೇಜುಗಳ ಹಿಂದಿನ ಹಗ್ಗದ ಬಳಿ ರೇಂಜ್ ನೋಡಿಕೊಳ್ಳುವ ಸುಗತ ಎಂಬ ಯುವಕ ಎರಡೂ ಕೈ ಚಾಚಿ ನನ್ನನ್ನು ತಡೆದ. ಮಾವ ಉಸಿರನ್ನು ಮೆಲ್ಲಗೆ ಹೊರಗೆ ಬಿಡುತ್ತಿದ್ದರು, ಬೆನ್ನು ಇಳಿಯುವುದು ಕಾಣುತ್ತಿತ್ತು. ನಾನು ಕಾಲಿನ ಚಪ್ಪಲಿ ಕಿತ್ತು ಬೀಸಿ ಎಸೆದೆ. ಅದು ಹೋಗಿ ಮಾವನ ಮೊಣಕೈ ಪಕ್ಕದಲ್ಲಿ, ಮೇಜಿನ ಮೇಲೆ ಬಿತ್ತು.

ಸೊಸೆಯಾದವಳು ಮಾವನಿಗೆ ಚಪ್ಪಲಿ ಎಸೆದದ್ದನ್ನು ಅಲ್ಲಿದ್ದವರೆಲ್ಲ ನೋಡಿದರು. ಮಾವ ಬೆರಳು ಹಿಂದಕ್ಕೆ ತೆಗೆದು, ತಲೆ ಎತ್ತಿ, ಮೊದಲು ಚಪ್ಪಲಿಯನ್ನು, ಆಮೇಲೆ ನನ್ನನ್ನು ನೋಡಿದರು. ಸುಗತ ಸೀಟಿ ಊದಿದ. ನಾನು, "ನಳಿಗೆ... ಅರಿಶಿನ..." ಎಂದು ಕೋವಿಯ ಬಾಯಿಯ ಕಡೆ ಕೈ ತೋರಿಸಿದೆ.

ಸುಗತ ತೋಟಾ ತೆಗೆಸಿ, ಬೋಲ್ಟ್ ಬಿಚ್ಚಿ, ಹಿಂದಿನಿಂದ ಸರಳು ಹಾಕಿ ತಳ್ಳಿದ. ಸರಳು ತುದಿಯವರೆಗೆ ಸಲೀಸಾಗಿ ಹೋಗಿ ಗಕ್ಕನೆ ನಿಂತಿತು. ಅಂಗೈಯಿಂದ ಎರಡು ಸಲ ಗುದ್ದಬೇಕಾಯಿತು. ಹಳದಿ ಗಟ್ಟಿಯೊಂದು ಮೇಜಿನ ಮೇಲೆ ಟಕ್ ಎಂದು ಬಿತ್ತು, ಅದರೊಳಗೆ ಊದುಬತ್ತಿಯ ಕಡ್ಡಿಯ ಚೂರು. ಕಡಲೆಕಾಳಿಗಿಂತ ದೊಡ್ಡದಿತ್ತು. ಮಾವ ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಯಾರು ಸಾರ್ ಇದನ್ನ ಇಟ್ಟಿದ್ದು?" ಎಂದ ಸುಗತ. ಅವನ ಕಣ್ಣು ನನ್ನ ಕಡೆಗೇ ಇತ್ತು.

"ನಾನೇ ಕಣಪ್ಪ. ಪೂಜೆ ದಿನ ಇಟ್ಟೆ, ತೆಗೆಯೋದು ಮರೆತೆ" ಎಂದರು ಮಾವ.

"ಸಾರ್, ನಳಿಗೆ ನೋಡ್ದೆ ತೋಟಾ ತುಂಬಿದ್ರೆ ಏನು ಅಂತ ನಿಮ್ಗೇ ಗೊತ್ತು. ರೂಲ್ ಬರೆಯೋವಾಗ ನೀವೂ ಕೂತಿದ್ರಿ."

"ಗೊತ್ತು. ಹೆಸರು ಹೊಡೆದ್ಹಾಕು. ಎಲ್ಲಿ ಸೈನು?"

ಇಪ್ಪತ್ತಾರು ವರ್ಷದ ಸದಸ್ಯತ್ವ ಅಲ್ಲಿಗೆ ಮುಗಿಯಿತು. ನಾನು ಬಾಯಿ ತೆರೆದೆ. ಮಾವ ನನ್ನ ಕಡೆ ತಿರುಗದೆಯೇ ಅಂಗೈ ತೋರಿಸಿ ತಡೆದರು, ಸೈನು ಹಾಕಿದರು, ಕೋವಿಯನ್ನು ಚೀಲಕ್ಕೆ ಸೇರಿಸಿದರು. ನನ್ನ ಚಪ್ಪಲಿಯನ್ನು ತಾವೇ ಎತ್ತಿ ತಂದು ನನ್ನ ಕಾಲ ಮುಂದೆ ಇಟ್ಟರು.

ಕಾರಿನಲ್ಲಿ ಕೂತ ಮೇಲೆ ಮಾವ ಹೊರಡಲಿಲ್ಲ. ಕೀಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತರು. ಮಾತು ಬಿಡುವುದು ಶುರುವಾಯಿತು ಎಂದುಕೊಂಡೆ. ಈ ಸಲ ಎಷ್ಟು ದಿನವೋ.

"ಅವತ್ತೇ ಯಾಕಮ್ಮ ಹೇಳ್ಲಿಲ್ಲ?"

"ಹೆದರ್ಕೆ ಆಯ್ತು ಮಾವ."

"ಕೋವಿ ಮುಟ್ಟೋಕಾ?"

"ಅಲ್ಲ. ನಿಮ್ಗೆ ಹೇಳೋಕೆ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ನಾನು ನಿನ್ನ ಯಾವತ್ತಾದ್ರೂ ಬೈದಿದೀನಾ?"

"ಇಲ್ಲ ಮಾವ. ಬೈಯೋರಾಗಿದ್ರೆ ಅವತ್ತೇ ಹೇಳ್ಬಿಡ್ತಿದ್ದೆ."

 ಮಾವ ಕೀಲಿ ಎತ್ತಿ ತೂತಿಗೆ ಸೇರಿಸಿ, "ಬುದ್ಧಿ ಐತೇನಮ್ಮ ನಿಂಗೆ?" ಎಂದರು. ಅಭ್ಯಾಸವಿಲ್ಲದ ಬಾಯಿ, ದನಿ ಒಡೆಯಿತು. "ಅರಿಶಿನ ಮೆತ್ತೋಕೆ ಇಡೀ ಮನೇಲಿ ಬೇರೆ ಜಾಗ ಸಿಗ್ಲಿಲ್ವಾ? ಸಾಯ್ತಿದ್ದೆ ನಾನು! ಸತ್ತೋಗಿರ್ತಿದ್ದೆ! ಗೊತ್ತಾಗಲ್ವಾ ಅಷ್ಟೂ?" ಕಾರು ಹೊರಟಿತು. ಬೂದಿಗೆರೆ ಕ್ರಾಸ್ ದಾಟಿದರೂ ಬೈಯುತ್ತಿದ್ದರು, ಕೆ.ಆರ್. ಪುರದ ಸಂತೆಬೀದಿಯ ಟ್ರಾಫಿಕ್ಕಿನಲ್ಲಿ ನಿಂತಾಗಲೂ ಬೈಯುತ್ತಿದ್ದರು, ನಾನು ಸೆರಗು ಬಾಯಿಗಿಟ್ಟುಕೊಂಡು ಅಳುತ್ತಾ ಪ್ರತಿಯೊಂದು ಮಾತಿಗೂ ಹೂಂ ಮಾವ, ಹೂಂ ಮಾವ ಎನ್ನುತ್ತಿದ್ದೆ.