ನಾನು ಬರೆದ ಕರಿ ಟಗರು

ಎಪ್ಪತ್ತರ ದಶಕದಲ್ಲಿ ನನ್ನ ಕೆಲಸ ಪ್ರಯೋಜನ ಅಳೆಯುವುದು. ಸರ್ಕಾರದ ದುಡ್ಡಿನಲ್ಲಿ ಸಂಶೋಧನೆ ನಡೆದು ಬಿಳಿ ಉಣ್ಣೆಯ ಹೊಸ ಕುರಿ ತಳಿ ಬಂದಿತ್ತು. ಅದರ ಟಗರುಗಳನ್ನು ಹಿರಿಯೂರು ಸೀಮೆಯ ಕುರಿಗಾರರಿಗೆ ಹಂಚಿದ್ದರು. ಜನಕ್ಕೆ ಎಷ್ಟು ಲಾಭವಾಯಿತೆಂದು ಮನೆಮನೆಗೆ ಹೋಗಿ ಫಾರಂ ತುಂಬುವವನು ನಾನು. ಮರಿಯ ತೂಕ, ಉಣ್ಣೆಯ ತೂಕ, ಬಣ್ಣ. ಬಣ್ಣ ಬಿಳಿಯಾದರೆ ಸುಧಾರಣೆ ಎಂದು ಫಾರಂ ಮಾಡಿದವರೇ ತೀರ್ಮಾನಿಸಿದ್ದರು. ನನಗೂ ಅನುಮಾನವಿರಲಿಲ್ಲ. ತಕ್ಕಡಿ ಹಿಡಿದವನ ಸೊಕ್ಕು ನನ್ನಲ್ಲಿ ಧಾರಾಳವಾಗಿತ್ತು.

ಹರಿಯಬ್ಬೆ ಎಂಬ ಊರಿನ ಒಂದು ಮನೆಯಲ್ಲಿ ಎಲ್ಲ ಅಂಕಿಗಳೂ ಚೆನ್ನಾಗಿದ್ದವು. ಎದ್ದು ಹೊರಡುವಾಗ ಬಣವೆಯ ಮರೆಯಲ್ಲಿ ಕಟ್ಟಿದ್ದ ಕರಿ ಟಗರು ಕಣ್ಣಿಗೆ ಬಿತ್ತು. ಹೊಸ ಟಗರು ಪಡೆದವರು ನಾಟಿ ಟಗರುಗಳ ಬೀಜ ಒಡೆಸಿ ಮರಿ ಹುಟ್ಟದಂತೆ ಮಾಡಬೇಕೆಂಬುದು ಯೋಜನೆಯ ನಿಯಮ. ಇದಕ್ಕೆ ಒಡೆಸಿರಲಿಲ್ಲ.

ಮನೆಯೊಡತಿ ಅಡ್ಡ ಬಂದಳು. “ಇದನ್ನ ಬರೀಬ್ಯಾಡ್ರಿ ಸ್ವಾಮಿ. ಬರೋ ವರ್ಷ ಮಗಳ ಮದ್ವೆ ಐತೆ. ನಮ್ಮ ಮನೇಲಿ ಧಾರೆಗೆ ಕರಿ ಕಂಬಳಿ ಹಾಸ್ಬೇಕು. ನಮ್ಮ ಹಿಂಡಿನ ಮರಿಗಳ ಮೊದಲ್ನೇ ಕತ್ತರಿ ಉಣ್ಣೇದೇ ಆಗ್ಬೇಕು. ನಿಮ್ಮ ಟಗರಿಗೆ ಹುಟ್ಟೋವೆಲ್ಲ ಬಿಳೀವೇ.”

“ಕಂಬಳಿಗೆ ಇದರಲ್ಲಿ ಕಾಲಮ್ ಇಲ್ಲಮ್ಮ” ಎಂದೆ.

“ಹಂಗಾದ್ರೆ ಬರೀದಿದ್ರೂ ನಡೀತೈತಲ್ರಿ.”

ಆದರೆ ಬೀಜ ಒಡೆಸದ ನಾಟಿ ಟಗರು ಎಷ್ಟು ಎಂಬುದಕ್ಕೆ ಕಾಲಮ್ ಇತ್ತು. ಒಂದು ಎಂದು ಬರೆದೆ. ಸುಳ್ಳು ಲೆಕ್ಕ ಕೊಡುವವನಲ್ಲ ಎಂಬ ಹೆಮ್ಮೆಯಿಂದಲೇ ಸೈಕಲ್ ಹತ್ತಿದೆ. ಆ ಅಂಕಿ ಮೇಲಿನ ಕಚೇರಿಗೆ ಹೋಯಿತು. ಹದಿನೈದು ದಿನದಲ್ಲಿ ಅಲ್ಲಿಂದ ಜನ ಬಂದು ಟಗರಿನ ಬೀಜ ಒಡೆದು ಹೋದರಂತೆ.

ಮರುವರ್ಷದ ಅಳತೆಗೆ ಹೋದಾಗ ಮದುವೆ ಮುಗಿದಿತ್ತು. ಬೈಯುತ್ತಾಳೆಂದು ಅಂದುಕೊಂಡಿದ್ದೆ. ಆಕೆ “ಬರ್ರಿ, ಕುಂತ್ಕಳ್ರಿ” ಎಂದು ಕಂಬಳಿ ಹಾಸಿ ಮಜ್ಜಿಗೆ ತಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಹೊಸಾ ಕಂಬಳಿ” ಎಂದೆ, ಏನಾದರೂ ಆಡಬೇಕಲ್ಲ.

“ಸಂತೇದು. ಧಾರೆಗೆ ಇದನ್ನೇ ಹಾಸಿದ್ವಿ. ಗಂಡನ ಮನೆಗೆ ಒಯ್ಯಾದು ರೂಢಿ. ನಮ್ಮ ಕುರೀದಲ್ಲ ಅಂತ ಮಗಳು ಇಲ್ಲೇ ಬಿಟ್ಟು ಹೋದ್ಲು.”

ನಾಚಿಕೆಯಿಂದ ಮಜ್ಜಿಗೆ ಲೋಟ ಪಕ್ಕಕ್ಕಿಟ್ಟೆ. ಎದ್ದು ಬರುವ ಧೈರ್ಯ ಇರಲಿಲ್ಲ. ಆ ಕಂಬಳಿಯ ಮೇಲೆ ಕೂತೇ ಫಾರಂ ತುಂಬಿದೆ. ಮರಿಗಳ ಬಣ್ಣ: ಬಿಳಿ. ಬೀಜ ಒಡೆಸದ ನಾಟಿ ಟಗರು: ಇಲ್ಲ. ಆ ವರ್ಷದ ವರದಿಯಲ್ಲಿ ಆ ಮನೆ ಪೂರ್ಣ ಯಶಸ್ಸಿನ ಪಟ್ಟಿಗೆ ಸೇರಿತು.